ಕುದಿ ಬಂದ ಮೇಲೆ ಉರಿ ಏಕೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ನೆನಪುಗಳನ್ನು ಬರೆಯುವವರು ಸಾಕಷ್ಟು ಮಂದಿ ಇದ್ದಾರೆ, ನಾನು ಒಂದು ಪಾಠವನ್ನೇ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಮೂರು ದಶಕಗಳಷ್ಟು ಕಾಲ ಈ ಶಾಲೆಯಲ್ಲಿ ಭೌತಶಾಸ್ತ್ರವನ್ನು ಕನ್ನಡದಲ್ಲಿ ಕಲಿಸಿದವನಿಗೆ ಬೇರೇನು ತಾನೇ ಬರುತ್ತದೆ? ಆದುದರಿಂದ ಹಳೆಯ ವಿದ್ಯಾರ್ಥಿಗಳು ಈ ಪುಟಗಳನ್ನು ಓದುವಷ್ಟು ಹೊತ್ತು ಮತ್ತೆ ಬೆಂಚಿನ ಮೇಲೆ ಕುಳಿತುಕೊಳ್ಳಬೇಕಾಗಿ ವಿನಂತಿ. ಅವರ ಮನೆಯವರೂ ಜೊತೆಗೆ ಕುಳಿತರೆ ಇನ್ನೂ ಒಳ್ಳೆಯದು. ಏಕೆಂದರೆ ಇಂದಿನ ಪಾಠದ ಪ್ರಯೋಗಶಾಲೆ ಅವರ ಅಡುಗೆಮನೆ.

ಪಾಠದ ವಿಷಯ ನೀರು ಕಾಯಿಸುವುದು. ಇದರಲ್ಲಿ ಕಲಿಯುವುದೇನಿದೆ ಎಂದು ಯಾರಾದರೂ ನಗಬಹುದು. ಕಾಸರಗೋಡಿನ ಮನೆಯೊಂದರಲ್ಲಿ ಬೆಳಗಿನಿಂದ ರಾತ್ರಿಯ ತನಕ ಎಷ್ಟು ಸಲ ನೀರು ಒಲೆಯೇರುತ್ತದೆ ಎಂಬುದನ್ನು ಎಣಿಸಿ ನೋಡಿ. ಮುಂಜಾನೆಯ ಕಾಫಿ ಅಥವಾ ಚಹಾ, ಕುಚ್ಚಲಕ್ಕಿಯ ಗಂಜಿ, ಮಧ್ಯಾಹ್ನದ ಅನ್ನ, ಜೀರಿಗೆ ಹಾಕಿದ ಕುಡಿಯುವ ನೀರು, ಸಂಜೆಯ ಚಹಾ, ಮತ್ತೆ ರಾತ್ರಿಯ ಗಂಜಿ, ಇವುಗಳ ಜೊತೆಗೆ ಸ್ನಾನದ ಹಂಡೆ. ಹುರಿಯುವುದು, ಕರಿಯುವುದು, ದೋಸೆ ಹೊಯ್ಯುವುದು ಇವನ್ನೆಲ್ಲ ಒಂದು ಕಡೆಗಿಟ್ಟರೆ, ನಮ್ಮ ಅಡುಗೆಮನೆಯ ಉರುವಲಿನ ಬಹುಪಾಲು ನೀರಿನ ಬೆನ್ನಿಗೇ ಹೋಗುತ್ತದೆ. ನಮ್ಮ ಕಡೆಯ ಊಟವೇ ನೀರಿನ ಊಟ.

ಹಿಂದೆ ಈ ಖರ್ಚು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತೋಟದಲ್ಲಿ ಬಿದ್ದ ಮಡಲು, ತೆಂಗಿನ ಗೆರಟೆ, ಅಡಿಕೆಯ ಹಾಳೆ, ಸಿಪ್ಪೆ ಎಲ್ಲವೂ ಒಲೆಗೆ ಬರುತ್ತಿದ್ದುವು. ಹೊತ್ತು ತರುವ ಕೈಗಳಿದ್ದುವು. ಈಗ ಮಕ್ಕಳು ಬೆಂಗಳೂರಿಗೋ ಮಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗಿ, ಎಷ್ಟೋ ಮನೆಗಳಲ್ಲಿ ಎಪ್ಪತ್ತು ದಾಟಿದ ದಂಪತಿಗಳಿಬ್ಬರೇ ಉಳಿದಿದ್ದಾರೆ. ಮಡಲು ತೋಟದಲ್ಲಿಯೇ ಕೊಳೆಯುತ್ತದೆ, ಅಡುಗೆ ಗ್ಯಾಸಿನಲ್ಲಿ ಆಗುತ್ತದೆ. ಸಿಲಿಂಡರು ಬರುವುದು ರಸ್ತೆಯ ತನಕ. ಅಲ್ಲಿಂದ ಗುಡ್ಡದ ಬದಿಯ ಮನೆಗೆ ಅದನ್ನು ಏರಿಸಲು ಜನ ಬೇಕು. ಆಟಿಯ ಮಳೆಯಲ್ಲಿ ಅದೂ ಕಷ್ಟ. ಇಂಥ ಮನೆಗೆ ವರ್ಷದಲ್ಲಿ ಒಂದು ಸಿಲಿಂಡರು ಕಡಿಮೆ ಸಾಕಾದರೆ ಅದು ಹಣದ ಉಳಿತಾಯವಷ್ಟೇ ಆಗಿರುವುದಿಲ್ಲ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಇನ್ನು ಪಾಠಕ್ಕೆ ಬರೋಣ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಓದಿದ ಎರಡು ಪದಗಳನ್ನು ನೆನಪಿಸಿಕೊಳ್ಳಿ. ಒಂದು ವಿಶಿಷ್ಟೋಷ್ಣ, ಇನ್ನೊಂದು ಗುಪ್ತೋಷ್ಣ. ಈ ಎರಡರ ವ್ಯಾಖ್ಯೆಗಳನ್ನು ಬಾಯಿಪಾಠ ಹೇಳಿ ಅಂಕ ಗಳಿಸಿದವರು ನಿಮ್ಮಲ್ಲಿ ನೂರಾರು ಮಂದಿ ಇದ್ದೀರಿ. ಅಂಕ ಬಂದಿತು. ಪದಗಳು ಮಾತ್ರ ಪರೀಕ್ಷೆಯ ಕೊಠಡಿಯಿಂದ ಅಡುಗೆಮನೆಗೆ ಬರಲಿಲ್ಲವೆಂದು ನನ್ನ ಅಭಿಪ್ರಾಯ.

ಒಂದು ಲೀಟರ್ ನೀರಿನ ತಾಪಮಾನವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಒಂದು ಕಿಲೋಕ್ಯಾಲೊರಿ ಉಷ್ಣ ಬೇಕು. ನಮ್ಮ ಬಾವಿಯ ಅಥವಾ ಟಾಂಕಿಯ ನೀರು ಸುಮಾರು 30 ಡಿಗ್ರಿಯಲ್ಲಿದೆ ಎಂದಿಟ್ಟುಕೊಂಡರೆ, ಅದನ್ನು 100 ಡಿಗ್ರಿಗೆ ತಂದು ಕುದಿಸಲು 70 ಕಿಲೋಕ್ಯಾಲೊರಿ ಸಾಕು. ಇಲ್ಲಿಯವರೆಗೆ ಎಲ್ಲವೂ ಸರಳ. ಕುದಿ ಬಂದ ಮೇಲೆ ಏನಾಗುತ್ತದೆ? ಉರಿಯನ್ನು ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು 100 ಡಿಗ್ರಿಯನ್ನು ದಾಟುವುದಿಲ್ಲ. ಕೆಳಗಿನಿಂದ ಬರುವ ಉಷ್ಣವೆಲ್ಲ ನೀರನ್ನು ಹಬೆಯಾಗಿಸುವುದರಲ್ಲಿ ವ್ಯಯವಾಗುತ್ತದೆ. ಒಂದು ಲೀಟರ್ ನೀರು ಪೂರ್ತಿಯಾಗಿ ಹಬೆಯಾಗಲು ಬೇಕಾದ ಉಷ್ಣ ಸುಮಾರು 540 ಕಿಲೋಕ್ಯಾಲೊರಿ. ತಾಪಮಾಪಕದಲ್ಲಿ ಕಾಣದೆ ಅಡಗಿಕೊಳ್ಳುವುದರಿಂದ ಇದಕ್ಕೆ ಗುಪ್ತೋಷ್ಣ ಎಂಬ ಹೆಸರು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಪ್ರಾಧ್ಯಾಪಕನು 1760ರ ದಶಕದ ಆರಂಭದಲ್ಲಿ ಇದನ್ನು ಅಳೆದು ತೋರಿಸಿದ. ಆತ ಮಾಡಿದ್ದೂ ನಾವು ದಿನವೂ ಮಾಡುವ ಕೆಲಸವನ್ನೇ: ನೀರನ್ನು ಒಲೆಯ ಮೇಲಿಟ್ಟು, ಕುದಿ ಬರಲು ಎಷ್ಟು ಹೊತ್ತು ಬೇಕಾಯಿತು, ಅದೇ ಉರಿಯಲ್ಲಿ ನೀರು ಬತ್ತಿ ಮುಗಿಯಲು ಎಷ್ಟು ಹೊತ್ತು ಬೇಕಾಯಿತು ಎಂದು ಗಡಿಯಾರ ನೋಡಿದ.

70 ಮತ್ತು 540. ಇಂದಿನ ಪಾಠವೆಲ್ಲ ಈ ಎರಡು ಸಂಖ್ಯೆಗಳಲ್ಲಿದೆ. ಒಂದು ಲೀಟರ್ ನೀರನ್ನು ಕುದಿಸುವ ಖರ್ಚಿನ ಏಳೂವರೆ ಪಟ್ಟಿಗಿಂತ ಹೆಚ್ಚು ಖರ್ಚು ಅದನ್ನು ಆವಿ ಮಾಡಿ ಮಾಡಿನ ಹೆಂಚಿಗೆ ಕಳುಹಿಸುವುದಕ್ಕೆ ಆಗುತ್ತದೆ. ಕೇವಲ ನೂರೈವತ್ತು ಮಿಲಿಲೀಟರ್, ಎಂದರೆ ಒಂದು ದೊಡ್ಡ ಲೋಟದಷ್ಟು ನೀರು ಹಬೆಯಾಗಿ ಹೋದರೆ, ಅಷ್ಟು ಉಷ್ಣದಲ್ಲಿ ಇನ್ನೂ ಒಂದು ಲೀಟರ್ ನೀರನ್ನು ಕುದಿಗೆ ತರಬಹುದಿತ್ತು.

ಈ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರೊಬ್ಬರು ನಮ್ಮ ಶಾಲೆಯಲ್ಲಿಯೇ ಇದ್ದರು. ಮಧ್ಯಾಹ್ನದ ಗಂಜಿ ಮತ್ತು ಹೆಸರುಕಾಳಿನ ಪದಾರ್ಥವನ್ನು ಉಂಡ ಹಳೆಯ ವಿದ್ಯಾರ್ಥಿಗಳಿಗೆ ಅಡುಗೆಯ ಅಕ್ಕನ ನೆನಪು ಖಂಡಿತ ಇರುತ್ತದೆ. ಕೊಟ್ಟಿಗೆಯ ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿ ಬಂದೊಡನೆ ಅವರು ಉರಿಯುವ ಕೊಳ್ಳಿಗಳನ್ನೆಲ್ಲ ಹೊರಗೆಳೆದು, ಕೆಂಡವನ್ನಷ್ಟೇ ಉಳಿಸಿ, ಪಾತ್ರೆಯ ಬಾಯಿಗೆ ಬಾಳೆಲೆ ಹಾಸಿ, ಮೇಲೊಂದು ಹಲಗೆ ಇಟ್ಟು, ಗೋಣಿಚೀಲ ಹೊದಿಸಿ ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಇಷ್ಟು ಬೇಗ ಬೆಂಕಿ ತೆಗೆದರೆ ಅಕ್ಕಿ ಬೇಯುತ್ತದೆಯೇ ಅಕ್ಕಾ ಎಂದು ನಾನು ಒಮ್ಮೆ ಕೇಳಿದ್ದೆ. "ಕೊದಿ ಬಂದ ಮೇಲೆ ಕಿಚ್ಚು ಯಾಕೆ ಮಾಷ್ಟ್ರೇ? ಅಕ್ಕಿಗೆ ಬೇಕಾದ್ದು ಬಿಸಿ" ಎಂದರು. ಆ ಮಾತನ್ನು ಆ ಮೇಲಿನ ಪ್ರತಿವರ್ಷವೂ ಗುಪ್ತೋಷ್ಣದ ಪಾಠದ ಮೊದಲ ವಾಕ್ಯವಾಗಿ ನಾನು ಉಪಯೋಗಿಸಿಕೊಂಡೆ. ಈ ಲೇಖನದ ತಲೆಬರಹವೂ ಅವರದೇ.

ಅಕ್ಕಿ ಬೇಯುವುದೆಂದರೆ ಅದರೊಳಗಿನ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಮೆತ್ತಗಾಗುವುದು. ಈ ಕ್ರಿಯೆ 70-80 ಡಿಗ್ರಿಯ ಸುಮಾರಿನಲ್ಲಿಯೇ ನಡೆಯುತ್ತದೆ. ನೀರು ಧಗಧಗ ಕುದಿಯುತ್ತಲೇ ಇರಬೇಕೆಂಬ ನಿಯಮವಿಲ್ಲ. ಕುಚ್ಚಲಕ್ಕಿ ಬೆಳ್ತಿಗೆಗಿಂತ ಗಟ್ಟಿಯಾದುದರಿಂದ ನೀರು ಅಕ್ಕಿಯ ಒಡಲಿಗೆ ಇಳಿಯಲು ಹೆಚ್ಚು ಹೊತ್ತು ಬೇಕು, ಅಷ್ಟೇ. ಆ ಹೊತ್ತನ್ನು ಉರಿಯಿಂದ ಕೊಂಡುಕೊಳ್ಳಬಹುದು, ಅಥವಾ ಬಿಸಿಯನ್ನು ಕಾಪಾಡಿ ಪುಕ್ಕಟೆಯಾಗಿ ಪಡೆಯಬಹುದು.

ಈಗ ಗ್ಯಾಸಿನ ಲೆಕ್ಕ ಮಾಡೋಣ. ಅರ್ಧ ಕಿಲೋ ಕುಚ್ಚಲಕ್ಕಿಗೆ ಮೂರು ಲೀಟರ್ ನೀರು ಹಾಕಿದ್ದೇವೆ. ನೀರು, ಅಕ್ಕಿ, ಅಲ್ಯುಮಿನಿಯಂ ಪಾತ್ರೆ ಎಲ್ಲವೂ 30ರಿಂದ 100 ಡಿಗ್ರಿಗೆ ಬರಲು ಒಟ್ಟು ಸುಮಾರು 240 ಕಿಲೋಕ್ಯಾಲೊರಿ ಬೇಕು. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 11,000 ಕಿಲೋಕ್ಯಾಲೊರಿ ಇದೆ. ಒಲೆಯ ಉಷ್ಣದಲ್ಲಿ ನೂರಕ್ಕೆ 60 ಪಾಲು ಪಾತ್ರೆಗೆ ಸೇರುತ್ತದೆ, ಉಳಿದುದು ಬದಿಯಿಂದ ಗಾಳಿಗೆ ಹೋಗುತ್ತದೆ ಎಂದು ಹಿಡಿದರೆ, ಕುದಿ ಬರುವ ತನಕ ಸುಟ್ಟ ಅನಿಲ 36 ಗ್ರಾಂ. ಮನೆಬಳಕೆಯ ಒಲೆಯ ದೊಡ್ಡ ಬರ್ನರು ಪೂರ್ಣ ಉರಿಯಲ್ಲಿ ಗಂಟೆಗೆ 150ರಿಂದ 200 ಗ್ರಾಂ ಅನಿಲವನ್ನು ಸುಡುತ್ತದೆ. ಕುದಿ ಬಂದ ಮೇಲೆ ಉರಿಯನ್ನು ಅರ್ಧಕ್ಕಿಳಿಸಿ ಮುಕ್ಕಾಲು ಗಂಟೆ ಇಟ್ಟರೆ ಮತ್ತೆ 60 ಗ್ರಾಮಿಗಿಂತ ಹೆಚ್ಚು ಅನಿಲ ಹೋಯಿತು.

ನೋಡಿ, ನೀರು ಬಿಸಿಯಾಗಲು 36, ಬಿಸಿಯಾದ ಮೇಲೆ 60. ಈ ಅರುವತ್ತರಲ್ಲಿ ಹೆಚ್ಚಿನ ಪಾಲು ಅರ್ಧದಿಂದ ಮುಕ್ಕಾಲು ಲೀಟರ್ ನೀರನ್ನು ಹಬೆ ಮಾಡುವುದಕ್ಕೆ ಖರ್ಚಾಗಿದೆ. ಗಂಜಿಯ ನೀರು ಬತ್ತಿತೆಂದು ನಡುವೆ ಎರಡು ತಂಬಿಗೆ ತಣ್ಣೀರು ಸುರಿಯುವ ರೂಢಿ ಅನೇಕ ಮನೆಗಳಲ್ಲಿದೆ. ಹಬೆ ಮಾಡಲು ಒಮ್ಮೆ ಹಣ ಕೊಟ್ಟು, ಅದರ ಬದಲಿಗೆ ಹಾಕಿದ ತಣ್ಣೀರನ್ನು ಕಾಯಿಸಲು ಮತ್ತೊಮ್ಮೆ ಕೊಡುವ ವ್ಯವಹಾರವಿದು.

ಅಕ್ಕ ಗೋಣಿಚೀಲದಿಂದ ಮಾಡಿದುದನ್ನು ಪೆಟ್ಟಿಗೆಯಿಂದ ಮಾಡುವುದು ಹಳೆಯ ಉಪಾಯ. ಒಣಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಕುದಿದ ಪಾತ್ರೆಯನ್ನು ಹೂತು ಅಡುಗೆ ಮುಗಿಸುವ ಕ್ರಮ ಯೂರೋಪಿನಲ್ಲಿ ಬಹುಕಾಲದಿಂದ ಇತ್ತು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ನಾರ್ವೆಯವರ ಇಂಥ ಪೆಟ್ಟಿಗೆಯೊಂದು ಪ್ರದರ್ಶಿತವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಧನದ ಅಭಾವವಾದಾಗ ಬ್ರಿಟನ್ನಿನ ಗೃಹಿಣಿಯರೂ ಇದನ್ನು ಆಶ್ರಯಿಸಿದರು. ನಮ್ಮ ರಾಜ್ಯದಲ್ಲಿ ಇದನ್ನು ಮನೆಮನೆಗೆ ಪರಿಚಯಿಸಿದವರು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು. 1962ರಲ್ಲಿ ಕೋಝಿಕ್ಕೋಡಿನಲ್ಲಿ ಹುಟ್ಟಿದ ಈ ಸಂಘಟನೆ ಮಲಯಾಳದಲ್ಲಿ ವಿಜ್ಞಾನ ಬರೆಯುವುದರಿಂದ ಆರಂಭಿಸಿ, ಮುಂದೆ ಹೊಗೆ ಕಡಿಮೆಯಾದ ಪರಿಷತ್ ಒಲೆ, ಚೂಡಾರಾಪ್ಪೆಟ್ಟಿ ಮೊದಲಾದುವನ್ನು ಪ್ರಚಾರ ಮಾಡಿತು. ಚೂಡಾರಾಪ್ಪೆಟ್ಟಿ ಎಂದರೆ ಬಿಸಿ ಆರದ ಪೆಟ್ಟಿಗೆ. ಒಳಗೆ ದಪ್ಪ ಥರ್ಮೋಕೋಲಿನ ಗೋಡೆ, ನಡುವೆ ಪಾತ್ರೆ ಕೂರುವಷ್ಟೇ ಜಾಗ, ಮೇಲೆ ಬಿಗಿಯಾದ ಮುಚ್ಚಳ. ಅದರಲ್ಲಿ ಬೇರೆ ಯಾವ ಯಂತ್ರವೂ ಇಲ್ಲ, ಕೆಡುವಂಥದು ಏನೂ ಇಲ್ಲ. ಹೊಸ ಅಂಗಡಿಗಳಲ್ಲಿ ಇದೇ ತತ್ತ್ವದ ಉಕ್ಕಿನ ಥರ್ಮಲ್ ಕುಕ್ಕರುಗಳು ಹೊಳೆಯುತ್ತ ಕುಳಿತಿರುತ್ತವೆ. ಹೊಳಪಿಗೆ ಬೆಲೆ ಬೇರೆ.

ಕೊಂಡುಕೊಳ್ಳಬೇಕೆಂದೂ ಇಲ್ಲ. ನಮ್ಮ ಹಿರಿಯರು ಅಕ್ಕಿಯನ್ನೇ ಬೈಹುಲ್ಲಿನ ಮುಡಿಕಟ್ಟಿ ಇಡುತ್ತಿದ್ದವರು. ಮರದ ಅಥವಾ ರಟ್ಟಿನ ಪೆಟ್ಟಿಗೆಯೊಂದರ ತಳಕ್ಕೆ ಒಂದು ಗೇಣು ಚೆನ್ನಾಗಿ ಒಣಗಿದ ಬೈಹುಲ್ಲನ್ನು ಒತ್ತಿ ತುಂಬಿ, ಪಾತ್ರೆಯ ಸುತ್ತಲೂ ನಾಲ್ಕು ಬೆರಳಿಗೆ ಕಡಿಮೆಯಾಗದಷ್ಟು ಹುಲ್ಲು ಬರುವಂತೆ ಗೂಡು ಮಾಡಿ, ಮೇಲಿನಿಂದ ಹಳೆಯ ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಒತ್ತಿ ಮುಚ್ಚಿದರೆ ಕೆಲಸ ನಡೆಯುತ್ತದೆ. ಉಷ್ಣವನ್ನು ತಡೆಯುವುದು ವಾಸ್ತವದಲ್ಲಿ ಹುಲ್ಲಿನ ಎಳೆಗಳ ನಡುವೆ ಸಿಲುಕಿ ಅಲುಗಾಡದೆ ನಿಂತ ಗಾಳಿ. ಹುಲ್ಲು ಒದ್ದೆಯಾದರೆ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ, ಪೆಟ್ಟಿಗೆ ನಿಷ್ಪ್ರಯೋಜಕವಾಗುತ್ತದೆ. ಮಳೆಗಾಲದಲ್ಲಿ ಹುಲ್ಲನ್ನು ಆಗಾಗ ಒಣಗಿಸಬೇಕು, ಇಲ್ಲವೇ ಥರ್ಮೋಕೋಲ್ ಹಾಕಬೇಕು.

ಕ್ರಮ ಹೀಗೆ: ಅಕ್ಕಿಯನ್ನು ಮುಚ್ಚಳ ಹಾಕಿದ ಪಾತ್ರೆಯಲ್ಲಿ ಕುದಿಗೆ ತಂದು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಮುಚ್ಚಳ ತೆರೆಯದೆ ಹಾಗೆಯೇ ಪೆಟ್ಟಿಗೆಗೆ ಇಳಿಸಬೇಕು. ಒಂದೂವರೆ ಎರಡು ಗಂಟೆ ಅದನ್ನು ಮರೆತುಬಿಡಬೇಕು. ಅಕ್ಕಿಯ ಜಾತಿ, ಹಳತು ಹೊಸತನಕ್ಕೆ ತಕ್ಕಂತೆ ಸಮಯ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ. ಎರಡು ಮೂರು ದಿನಗಳಲ್ಲಿ ನಿಮ್ಮ ಮನೆಯ ಅಕ್ಕಿಯ ಹದ ನಿಮಗೇ ತಿಳಿಯುತ್ತದೆ. ಎರಡು ಇಂಚು ದಪ್ಪ ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಮೂರು ಲೀಟರ್ ಗಂಜಿ ಗಂಟೆಗೆ ಐದಾರು ಡಿಗ್ರಿಯಷ್ಟೇ ತಣಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಬಹುದು. ಎಂದರೆ ಎರಡು ಗಂಟೆಯ ಬಳಿಕವೂ 85 ಡಿಗ್ರಿಯ ಆಸುಪಾಸು. ಪಾತ್ರೆ ತುಂಬಿರಬೇಕು ಎಂಬುದನ್ನು ಮರೆಯಬಾರದು. ಮುಷ್ಟಿ ಅಕ್ಕಿಯನ್ನು ದೊಡ್ಡ ಪಾತ್ರೆಯಲ್ಲಿ ಇಟ್ಟರೆ ಕಾಪಾಡಲು ಉಷ್ಣವೇ ಇರುವುದಿಲ್ಲ.

ಒಂದು ಎಚ್ಚರಿಕೆ. ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಆ ಹೊತ್ತಿನ ಊಟಕ್ಕೇ ತೆಗೆಯಬೇಕು. 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ಬಹಳ ಹೊತ್ತು ಉಳಿದ ಅನ್ನದಲ್ಲಿ ರೋಗಾಣುಗಳು ಬೆಳೆಯುತ್ತವೆ. ಅವುಗಳಲ್ಲಿ ಕೆಲವು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ರಾತ್ರಿಗೆ ಉಳಿಸುವುದಾದರೆ ಹೊರತೆಗೆದು ಬೇಗನೆ ಆರಿಸಿ ಇಡುವುದು ಕ್ಷೇಮ.

ಇದರಿಂದ ದಿನಕ್ಕೆ ಸುಮಾರು 50 ಗ್ರಾಂ ಅನಿಲ ಉಳಿದರೆ ವರ್ಷಕ್ಕೆ 18 ಕಿಲೋ ಆಯಿತು. ಸಿಲಿಂಡರಿನಲ್ಲಿರುವುದು 14.2 ಕಿಲೋ. ಒಂದು ಸಿಲಿಂಡರಿನ ಮೇಲೆ ಕಾಲು ಪಾಲು ಹೆಚ್ಚೇ ಉಳಿಯಿತು. ಸಿಲಿಂಡರಿಗೆ 900 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಸಾವಿರದ ನೂರು ರೂಪಾಯಿಗಿಂತ ಮೇಲೆ. ಬೆಲೆ ಏರಿಳಿಯುತ್ತದೆ, ಗ್ರಾಂ ಏರಿಳಿಯುವುದಿಲ್ಲ. ಆದುದರಿಂದ ನಿಮ್ಮ ಪೇಟೆಯ ಬೆಲೆಯನ್ನು ಹಾಕಿ ನೀವೇ ಗುಣಿಸಿಕೊಳ್ಳಿ.

ಪ್ರೆಶರ್ ಕುಕ್ಕರಿನ ವಿಷಯ ಬೇರೆ. ಅಲ್ಲಿ ಹಬೆಯನ್ನು ಹೊರಹೋಗಲು ಬಿಡದೆ ಒತ್ತಡ ಏರಿಸುವುದರಿಂದ ನೀರು 120 ಡಿಗ್ರಿಯ ತನಕ ಹೋಗಿ ಅಡುಗೆ ಬೇಗ ಮುಗಿಯುತ್ತದೆ. ಆದರೆ ಒತ್ತಡ ತುಂಬಿದ ಮೇಲೂ ಉರಿಯನ್ನು ಮೊದಲಿನಂತೆಯೇ ಬಿಟ್ಟು ಸೀಟಿಗಳನ್ನು ಎಣಿಸುತ್ತ ಕೂರುವುದು ನಮ್ಮ ಅಡುಗೆಮನೆಗಳ ಪದ್ಧತಿ. ಸೀಟಿಯೆಂದರೆ ಹೆಚ್ಚಾದ ಹಬೆಯನ್ನು ಕುಕ್ಕರು ಹೊರಗೆಸೆಯುವ ಸದ್ದು. ಮೊದಲ ಸೀಟಿಯಾದೊಡನೆ ಉರಿಯನ್ನು ಆದಷ್ಟು ಸಣ್ಣದು ಮಾಡಿ ನಿಮಿಷ ಎಣಿಸಿದರೆ ಒಳಗಿನ ತಾಪಮಾನ ಅದೇ ಇರುತ್ತದೆ. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯುವ ಹತ್ತು ನಿಮಿಷವೂ ಬೇಯುವ ಸಮಯವೇ. ಅವಸರದಲ್ಲಿ ನಳ್ಳಿಯ ಕೆಳಗೆ ಹಿಡಿದು ಅದನ್ನು ಕಳೆದುಕೊಳ್ಳಬೇಡಿ.

ಕುಡಿಯುವ ನೀರಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಕಾಮಾಲೆಯ ಭಯದಿಂದ ಇಪ್ಪತ್ತು ನಿಮಿಷ ನೀರು ಕುದಿಸುವ ಮನೆಗಳನ್ನು ನಾನು ಬಲ್ಲೆ. ಭಯ ಸಕಾರಣವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ನೀರು ಗುಳ್ಳೆಗಳೊಡನೆ ಉಕ್ಕಿ ಕುದಿಯತೊಡಗಿದರೆ ಸಾಕು, ಒಲೆಯಿಂದಿಳಿಸಿ ತಾನಾಗಿ ಆರಲು ಬಿಡಬೇಕು. ಮನಸ್ಸಿಗೆ ಸಮಾಧಾನವಾಗದಿದ್ದರೆ ಒಂದು ನಿಮಿಷ ಹೆಚ್ಚು ಕುದಿಸಿ. ಉಳಿದ ಹತ್ತೊಂಬತ್ತು ನಿಮಿಷದ ಉರಿ ರೋಗಾಣುಗಳ ಮೇಲೆ ಹೆಚ್ಚಿನದೇನನ್ನೂ ಸಾಧಿಸುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ ಆರುವ ನೀರು ಬಹಳ ಹೊತ್ತು ಬಿಸಿಯಾಗಿಯೇ ಇರುವುದರಿಂದ ಜೀರಿಗೆಯ ಸತ್ತ್ವವೂ ಚೆನ್ನಾಗಿ ಇಳಿಯುತ್ತದೆ. ನಿಜವಾದ ಅಪಾಯ ಇರುವುದು ಬೇರೆಡೆ: ಕುದಿಸಿದ ನೀರು ಬೇಗ ಆರಲೆಂದು ಅದಕ್ಕೆ ಹಸಿನೀರು ಬೆರೆಸುವುದರಲ್ಲಿ. ನೆಂಟರಿಷ್ಟರು ಬಂದಾಗ, ಮದುವೆ ಮುಂಜಿಗಳಲ್ಲಿ ಇದು ನಡೆಯುತ್ತದೆ. ಹಾಗೆ ಬೆರೆಸಿದ ಮೇಲೆ ಕುದಿಸಿದುದೆಲ್ಲ ವ್ಯರ್ಥ.

ಮುಚ್ಚಳದ ಮಹಿಮೆಯನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವೆಂದು ಭಾವಿಸಿದ್ದೇನೆ. ಕುದಿಯುವ ಮೊದಲೇ, 80 ಡಿಗ್ರಿ ದಾಟಿದ ನೀರಿನ ಮೇಲ್ಮೈಯಿಂದ ಹಬೆ ಏಳತೊಡಗುತ್ತದೆ, ಅದರೊಡನೆ ಗುಪ್ತೋಷ್ಣವೂ ಹೋಗುತ್ತದೆ. ಮುಚ್ಚಳಕ್ಕೆ ತಾಗಿದ ಹಬೆ ಮತ್ತೆ ಹನಿಯಾಗುವಾಗ ಆ ಉಷ್ಣವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ಇಷ್ಟನ್ನು ನೆನಪಿಟ್ಟುಕೊಂಡು, ಮನೆಯಲ್ಲಿ ಒಂದನೆಯ ದಿನ ಮುಚ್ಚಳವಿಟ್ಟು, ಎರಡನೆಯ ದಿನ ಇಡದೆ, ಅದೇ ಪಾತ್ರೆಯಲ್ಲಿ ಅಷ್ಟೇ ನೀರನ್ನು ಅದೇ ಉರಿಯಲ್ಲಿ ಕಾಯಿಸಿ ಗಡಿಯಾರ ನೋಡಿರಿ. ಪಾತ್ರೆಯ ತಳ ಬರ್ನರಿಗಿಂತ ಅಗಲವಾಗಿರಲಿ. ಜ್ವಾಲೆ ಬದಿಗೆ ಚಾಚಿಕೊಂಡು ಏರುತ್ತಿದ್ದರೆ ನೀವು ಕಾಯಿಸುತ್ತಿರುವುದು ಅಡುಗೆಮನೆಯ ಗಾಳಿಯನ್ನು. ಜ್ವಾಲೆ ಹಳದಿಯಾದರೆ ಬರ್ನರಿನ ರಂಧ್ರಗಳನ್ನು ಸ್ವಚ್ಛಗೊಳಿಸಬೇಕು. ಮೂರು ಕಪ್ಪು ಚಹಾಕ್ಕೆ ಒಂದು ಲೀಟರ್ ನೀರಿಡುವ ಔದಾರ್ಯವನ್ನೂ ಬಿಡಬಹುದು. ಎರಡನೆಯ ಸರದಿಯವರಿಗಾಗಿ ಚಹಾವನ್ನು ಮತ್ತೆ ಮತ್ತೆ ಕಾಯಿಸುವ ಬದಲು ಫ್ಲಾಸ್ಕಿನಲ್ಲಿ ತುಂಬಿಸಿಟ್ಟರೆ ರುಚಿಯೂ ಉಳಿಯುತ್ತದೆ.

ಸೌದೆಯ ಒಲೆ ಇನ್ನೂ ಉರಿಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ, ಬಚ್ಚಲಿನಲ್ಲಿ ಅಂತೂ ಅದೇ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಸೌದೆಯ ಉಷ್ಣದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸಿಕ್ಕುತ್ತದೆ. ಇದನ್ನು ಸರಿಪಡಿಸಲು ಗಡಿಯ ಎರಡು ಕಡೆಗಳಲ್ಲಿಯೂ ಪ್ರಯತ್ನಗಳು ನಡೆದುವೆಂಬುದು ಗಡಿನಾಡಿನವರಾದ ನಮಗೆ ಸಂತೋಷದ ವಿಷಯ. ಈ ಕಡೆಯಿಂದ ಪರಿಷತ್ ಒಲೆ ಬಂದರೆ, ಆ ಕಡೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗದಿಂದ ಅಸ್ತ್ರ ಒಲೆ ಬಂದಿತು. ಸೌದೆ ಉರಿಯುವ ಗೂಡನ್ನು ಮುಚ್ಚಿ, ಕೆಳಗೆ ಗಾಳಿ ಬರಲು ಜಾಲರಿಯಿಟ್ಟು, ಬಿಸಿ ಹೊಗೆಯನ್ನು ಒಂದಾದ ಮೇಲೊಂದು ಪಾತ್ರೆಯ ತಳದಲ್ಲಿ ಹಾಯಿಸಿ ಕೊನೆಗೆ ಕೊಳವೆಯಿಂದ ಹೊರಗೆ ಬಿಡುವುದು ಇದರ ರಚನೆ. ಅಸ್ತ್ರ ಒಲೆಯ ಮೂರನೆಯ ಪಾತ್ರೆಯಲ್ಲಿ ಕೈಕಾಲು ತೊಳೆಯುವ ಬಿಸಿನೀರು ಪುಕ್ಕಟೆ. ಒಲೆಯ ಕಣ್ಣಿಗೆ ಪಾತ್ರೆ ಸರಿಯಾಗಿ ಕೂರದಿದ್ದರೆ, ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಮಾತ್ರ ಎಲ್ಲ ಗುಣವೂ ಹೋಗಿ ಹೊಗೆ ಒಳಗೆ ತುಂಬುತ್ತದೆ. ಅನೇಕರು ಈ ಒಲೆಗಳನ್ನು ಕೈಬಿಟ್ಟುದಕ್ಕೆ ಇದು ಒಂದು ಕಾರಣ. ಹೊಗೆ ಸಣ್ಣ ಸಂಗತಿಯಲ್ಲ. ಸೌದೆ, ಸೆಗಣಿ ಮೊದಲಾದುವುಗಳ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರ ಒಂದೇ ವರ್ಷದಲ್ಲಿ 32 ಲಕ್ಷ ಮಂದಿ ಅಕಾಲದಲ್ಲಿ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಕೂರುವವರು ಯಾರು ಎಂಬುದು ನಮಗೆಲ್ಲ ಗೊತ್ತು.

ಹಸಿ ಸೌದೆಯ ಬಗ್ಗೆ ಒಂದು ತಿಳಿವಳಿಕೆ. ಸೌದೆಯೊಳಗಿನ ನೀರನ್ನು ಹಬೆಯಾಗಿಸಲು ಉಷ್ಣ ಹೋಗುತ್ತದೆ ಎನ್ನುವುದು ನಿಜವಾದರೂ ಲೆಕ್ಕ ಹಾಕಿದರೆ ಆ ನಷ್ಟ ಅಷ್ಟು ದೊಡ್ಡದಲ್ಲ. ದೊಡ್ಡ ನಷ್ಟವಾಗುವುದು ಉರಿ ತಣ್ಣಗಾಗಿ ಸೌದೆಯ ಅನಿಲಗಳು ಪೂರ್ತಿ ಉರಿಯದೆ ಹೊಗೆಯಾಗಿ ಹೋಗುವುದರಿಂದ. ಕಣ್ಣು ಉರಿಸುವ ಹೊಗೆಯೆಲ್ಲ ಉರಿಯದೆ ಉಳಿದ ಇಂಧನವೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮಲ್ಲಿ ಒಲೆಯ ಮೇಲಣ ಅಟ್ಟದಲ್ಲಿ ಸೌದೆ ಒಣಗಿಸುತ್ತಿದ್ದ ಹಿರಿಯರು ಮಾಡಿದುದು ಸರಿಯಾದ ಕೆಲಸ. ಸ್ನಾನದ ಹಂಡೆಯ ನೀರನ್ನು ಕುದಿಸಿ ಅನಂತರ ತಣ್ಣೀರು ಬೆರೆಸುವ ಬದಲು, ಬೇಕಾದಷ್ಟೇ ಬಿಸಿಗೆ ಕಾಯಿಸುವುದು ಲೇಸು. ಹಂಡೆ ಹೆಚ್ಚು ಬಿಸಿಯಾದಷ್ಟೂ ಬಚ್ಚಲಿನ ಗಾಳಿಗೆ ಹೆಚ್ಚು ಕೊಡುತ್ತದೆ. ಬಿಸಿಲು ನೀರುಕಾಯಿಸುವ ಸಾಧನಗಳು ಇದಕ್ಕೆ ಉತ್ತಮವಾದರೂ ಬಿಸಿನೀರು ನಿಜವಾಗಿ ಬೇಕಾಗುವ ಜೂನ್-ಜುಲೈಗಳಲ್ಲಿ ನಮ್ಮ ಆಕಾಶ ಅವಕ್ಕೆ ಸಹಕರಿಸುವುದಿಲ್ಲ.

ಕಡೆಯದಾಗಿ, ನನ್ನನ್ನು ಹಳೆಯ ವಿದ್ಯಾರ್ಥಿಗಳು ರಸ್ತೆಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆ: ಸಾರ್, ಗ್ಯಾಸು ಅಗ್ಗವೋ ಕರೆಂಟು ಅಗ್ಗವೋ? ಒಂದು ಯೂನಿಟ್ ವಿದ್ಯುತ್ತಿನಲ್ಲಿ 860 ಕಿಲೋಕ್ಯಾಲೊರಿ ಇದೆ. ವಿದ್ಯುತ್ ಕೆಟ್ಟಲು ಅಥವಾ ಇಂಡಕ್ಷನ್ ಒಲೆಯಲ್ಲಿ ನೂರಕ್ಕೆ 85 ಪಾಲು ನೀರಿಗೆ ಸೇರುತ್ತದೆಂದು ಹಿಡಿದರೆ, ಒಂದು ಲೀಟರ್ ನೀರು ಕುದಿಯಲು ಬೇಕಾಗುವುದು 0.096 ಯೂನಿಟ್. ಗ್ಯಾಸಿನಲ್ಲಾದರೆ ಮೇಲಿನ ಲೆಕ್ಕದಂತೆ 10.6 ಗ್ರಾಂ. ಯೂನಿಟ್ಟಿಗೆ 7 ರೂಪಾಯಿ, ಸಿಲಿಂಡರಿಗೆ 900 ರೂಪಾಯಿ ಎಂದಿಟ್ಟುಕೊಂಡರೆ ಎರಡೂ 67 ಪೈಸೆ! ಹೀಗೆ ಸರಿಸಮನಾದುದರಿಂದ ನಿರ್ಣಯ ನಿಮ್ಮ ಬಿಲ್ಲಿನಲ್ಲಿದೆ. ಕೇರಳದ ವಿದ್ಯುತ್ ಮಂಡಳಿಯ ಮನೆಬಳಕೆಯ ದರ ಬಳಕೆ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ತಿಂಗಳಿಗೆ 250 ಯೂನಿಟ್ ದಾಟಿದರಂತೂ ಮೆಟ್ಟಿಲುಗಳ ಅನುಕೂಲ ತಪ್ಪಿ, ಮೊದಲ ಯೂನಿಟ್ಟಿನಿಂದಲೇ ಒಂದೇ ಹೆಚ್ಚಿನ ದರ ಬೀಳುತ್ತದೆ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಅಲ್ಲಿ ನೋಡಬೇಕಾದ ಅಂಕಿ 500. ಇಬ್ಬರೇ ಇರುವ, ಬಳಕೆ ಕಡಿಮೆಯಿರುವ ಮನೆಗೆ ಕೆಟ್ಟಲು ಲಾಭ. ಪಂಪು, ಫ್ರಿಜ್ಜು, ಏಸಿಗಳೆಲ್ಲ ಇದ್ದು ಬಿಲ್ಲು ಐನೂರರ ಅಂಚಿನಲ್ಲಿರುವ ಮನೆಯವರು ನೀರನ್ನು ಗ್ಯಾಸಿನಲ್ಲಿಯೇ ಕಾಯಿಸಲಿ. ಬಕೆಟ್ಟಿಗೆ ಇಳಿಬಿಡುವ ಸುರುಳಿ ಹೀಟರು ದಕ್ಷತೆಯಲ್ಲಿ ಎಲ್ಲವನ್ನೂ ಮೀರಿಸುತ್ತದೆಯಾದರೂ, ಸ್ವಿಚ್ ಆರಿಸಿ ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಿದವರ ಪ್ರಾಣ ತೆಗೆಯಬಲ್ಲುದು. ಮಕ್ಕಳೂ ವೃದ್ಧರೂ ಇರುವ ಮನೆಯಲ್ಲಿ ಅದು ಬೇಡವೆಂದೇ ನನ್ನ ಮತ.

ಪಾಠದ ಬಳಿಕ ಮನೆಗೆಲಸ ಕೊಡುವುದು ನನ್ನ ಹಳೆಯ ಅಭ್ಯಾಸ. ನಿಮ್ಮ ವಿದ್ಯುತ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿಟುಕುತ್ತದೆ ಎಂಬ ಅಂಕಿ ಮೀಟರಿನ ಮುಖದ ಮೇಲೆಯೇ ಇದೆ, ಹಲವು ಮೀಟರುಗಳಲ್ಲಿ ಅದು 3200. ಫ್ರಿಜ್ಜು, ಪಂಪು, ಫ್ಯಾನು ಎಲ್ಲವನ್ನೂ ಆರಿಸಿ, ಕೆಟ್ಟಲಿನಲ್ಲಿ ಸರಿಯಾಗಿ ಒಂದು ಲೀಟರ್ ನೀರಿಟ್ಟು, ಅದು ಕುದಿದು ತಾನಾಗಿ ನಿಲ್ಲುವ ತನಕ ಮಿಟುಕುಗಳನ್ನು ಎಣಿಸಿರಿ. ಮನೆಯ ಮಕ್ಕಳು ಈ ಕೆಲಸವನ್ನು ಸಂತೋಷದಿಂದ ಮಾಡುತ್ತಾರೆ. 3200ರ ಮೀಟರಿನಲ್ಲಿ, 30 ಡಿಗ್ರಿಯ ನೀರಿಗೆ, 260ಕ್ಕಿಂತ ಕಡಿಮೆ ಬರಲಾರದು. ಬಂದರೆ ನೀರಿನ ಅಳತೆಯಲ್ಲೋ ಎಣಿಕೆಯಲ್ಲೋ ತಪ್ಪಿದೆ. 300ರ ಸುತ್ತಮುತ್ತ ಬಂದರೆ ಕೆಟ್ಟಲು ಚೆನ್ನಾಗಿದೆ. 350 ದಾಟಿದರೆ ಅದರ ಮುಚ್ಚಳ ಸರಿಯಾಗಿ ಕೂತಿದೆಯೇ, ಕುದಿದ ಮೇಲೂ ಸ್ವಿಚ್ ಬೀಳದೆ ಉರಿಯುತ್ತಲೇ ಇದೆಯೇ ಎಂದು ನೋಡಿರಿ.